ಕಲಿಸುವವರು ಕಲಿಯುವ ಮನೆ



ಸೆಪ್ಟೆಂಬರ್ 5 ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಶಿಕ್ಷಕರ ನೆನಪಾಗುತ್ತದೆ. ಆ ವಾರದ ಭಾನುವಾರ ಬಲಿಪೂಜೆಯ ಕೊನೆಯಲ್ಲಿ ಶಿಕ್ಷಕ ವೃತ್ತಿಯಲ್ಲಿರುವವರನ್ನೆಲ್ಲ ಪೀಠದ ಮುಂದೆ ಕರೆದು, ಗುರುಗಳು ಆಶೀರ್ವದಿಸಿ, ಮಕ್ಕಳ ಕೈಯಿಂದ ಒಂದೊಂದು ಹೂವು ಕೊಡಿಸುತ್ತಾರೆ. ನಿವೃತ್ತರಿಗೆ ಶಾಲು ಹೊದಿಸುವುದೂ ಉಂಟು. ಇದು ಒಳ್ಳೆಯ ಸಂಪ್ರದಾಯ, ಉಳಿಯಬೇಕಾದ ಸಂಪ್ರದಾಯ. ಆದರೆ ಆ ಸಾಲಿನಲ್ಲಿ ಹಲವು ವರ್ಷ ನಿಂತವನಾಗಿ ನಾನೊಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ನಿಮ್ಮ ಮಗುವಿಗೆ ಕಲಿಸುವ ಆ ಶಿಕ್ಷಕಿ ತಾನು ಎಲ್ಲಿ ಕಲಿಯುತ್ತಾಳೆ?

ತರಬೇತಿ ಕಾಲೇಜಿನಲ್ಲಿ ಎಂದು ನೀವು ಉತ್ತರಿಸಬಹುದು. ನಿಜ, ಎರಡು ವರ್ಷದ ತರಬೇತಿಯನ್ನು ಮುಗಿಸಿಯೇ ಆಕೆ ತರಗತಿಗೆ ಕಾಲಿಡುತ್ತಾಳೆ. ಆದರೆ ಅದಾದ ಮೇಲೆ ಆಕೆಗೆ ಮೂವತ್ತು ವರ್ಷಗಳ ಸೇವೆಯಿದೆ. ಪಠ್ಯಪುಸ್ತಕ ಬದಲಾಗುತ್ತದೆ, ಮಕ್ಕಳು ಬದಲಾಗುತ್ತಾರೆ, ಊರೇ ಬದಲಾಗುತ್ತದೆ. ರೈತನಿಗೆ ಬೆಳೆಯ ರೋಗ ತಿಳಿಯದಿದ್ದರೆ ವಿಚಾರಿಸಲು ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ನಮ್ಮ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ವರ್ಷಕ್ಕೊಮ್ಮೆ ಧ್ಯಾನಕೂಟವಿದೆ. ಮೂರನೆಯ ತರಗತಿಯ ಒಂದು ಮಗು ತಿಂಗಳುಗಟ್ಟಲೆ ಒಂದೇ ಅಕ್ಷರದ ಮುಂದೆ ನಿಂತುಬಿಟ್ಟಾಗ, ಶಿಕ್ಷಕಿ ಯಾರ ಮನೆಯ ಬಾಗಿಲು ತಟ್ಟಬೇಕು?

ಅಂತಹ ಒಂದು ಮನೆ ಇದೆ. ಬಹುತೇಕ ಪೋಷಕರಿಗೆ ಅದರ ಪರಿಚಯವಿಲ್ಲ. ಸರ್ಕಾರಿ ಭಾಷೆಯಲ್ಲಿ ಅದರ ಹೆಸರು ಕ್ಲಸ್ಟರ್ ಸಂಪನ್ಮೂಲ ಕೇಂದ್ರ. ಹತ್ತು ಹದಿನೈದು ಅಥವಾ ಅದಕ್ಕೂ ಹೆಚ್ಚು ಶಾಲೆಗಳು ಸೇರಿ ಒಂದು ಕ್ಲಸ್ಟರ್. ಆ ಶಾಲೆಗಳ ನಡುವೆ ಎಲ್ಲರಿಗೂ ತಲುಪಲು ಸುಲಭವಾದ ಒಂದು ಶಾಲೆಯಲ್ಲಿ ಒಂದು ಕೋಣೆ. ಅದನ್ನು ನೋಡಿಕೊಳ್ಳಲು ಶಿಕ್ಷಕರ ನಡುವಿನಿಂದಲೇ ಆಯ್ಕೆಯಾಗಿ ಬಂದ ಒಬ್ಬ ಸಂಪನ್ಮೂಲ ವ್ಯಕ್ತಿ. ಎಲ್ಲರ ಬಾಯಲ್ಲಿ ಸಿ.ಆರ್.ಪಿ. ಇದರ ಮೇಲೆ ತಾಲ್ಲೂಕು ಮಟ್ಟದಲ್ಲಿ ಬಿ.ಆರ್.ಸಿ., ಜಿಲ್ಲಾ ಮಟ್ಟದಲ್ಲಿ ಡಯಟ್ ಎಂದು ಕರೆಯುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. ತಿಂಗಳಿಗೊಮ್ಮೆ ಕ್ಲಸ್ಟರಿನ ಶಿಕ್ಷಕರು ಆ ಕೋಣೆಯಲ್ಲಿ ಸೇರುವ ಸಭೆಗೆ ಸಮಾಲೋಚನಾ ಸಭೆ ಎಂದು ಹೆಸರು. ಹೆಸರೇ ಹೇಳುವಂತೆ ಅದು ಕೂಡಿ ಆಲೋಚಿಸುವ ಸಭೆ.

ನನ್ನ ಸೇವಾವಧಿಯ ಆರು ವರ್ಷಗಳನ್ನು ನಾನು ಮಲೆನಾಡಿನ ಅಂಚಿನ ಒಂದು ಹೋಬಳಿಯಲ್ಲಿ ಇಂತಹ ಸಿ.ಆರ್.ಪಿ. ಆಗಿ ಕಳೆದೆ. ಹದಿನೇಳು ಶಾಲೆಗಳು, ಅವುಗಳಲ್ಲಿ ಐದು ಏಕೋಪಾಧ್ಯಾಯ ಶಾಲೆಗಳು. ಕೋಣೆಯಲ್ಲಿದ್ದದ್ದು ಎರಡು ಬೀರು, ಒಂದು ಉದ್ದನೆಯ ಮೇಜು, ಹಳೆಯ ಜಮಖಾನ, ಗೋಡೆಗೆ ಒಂದು ಕರಿಹಲಗೆ. ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತಿತ್ತು. ಅಲ್ಲಿ ನಾನು ಕಂಡದ್ದನ್ನು ನಿಮ್ಮೊಡನೆ ಹಂಚಿಕೊಂಡರೆ ಈ ಕೇಂದ್ರಗಳು ಏಕೆ ಬೇಕು ಎಂಬುದು ತಾನಾಗಿ ತಿಳಿದೀತು.

ಒಂದು ತಿಂಗಳ ಸಭೆಯಲ್ಲಿ ನಾಲ್ಕನೆಯ ತರಗತಿಗೆ ಗಣಿತ ಕಲಿಸುತ್ತಿದ್ದ ಶಿಕ್ಷಕಿಯೊಬ್ಬರು ಸಂಕೋಚದಿಂದಲೇ ಎದ್ದು ನಿಂತರು. 304ರಿಂದ 126ನ್ನು ಕಳೆಯುವ ಲೆಕ್ಕವನ್ನು ಅವರು ಕಲಿಸುತ್ತಿದ್ದರಂತೆ. ನಾವೆಲ್ಲ ಕಲಿತಂತೆ, ನಾವೆಲ್ಲ ಕಲಿಸುತ್ತಾ ಬಂದಂತೆ, ನಾಲ್ಕರಲ್ಲಿ ಆರು ಹೋಗುವುದಿಲ್ಲ, ಪಕ್ಕದ ಮನೆಯಿಂದ ಸಾಲ ತೆಗೆದುಕೊಳ್ಳಬೇಕು ಎಂದರಂತೆ. ಪಕ್ಕದ ಮನೆಯಲ್ಲಿ ಸೊನ್ನೆ. ಆದ್ದರಿಂದ ಅದರಾಚೆಯ ಮನೆಗೆ ಹೋಗಬೇಕು. ಆಗ ಒಬ್ಬ ಹುಡುಗ ಎದ್ದು, “ಮಿಸ್, ಈ ಸಾಲ ಯಾವಾಗ ವಾಪಸ್ ಕೊಡೋದು?” ಎಂದು ಕೇಳಿದನಂತೆ. ತರಗತಿಯೆಲ್ಲ ನಕ್ಕಿತು. ಶಿಕ್ಷಕಿಗೆ ನಗು ಬರಲಿಲ್ಲ. ಆ ಹುಡುಗನ ತಂದೆ ಶುಂಠಿ ಬೆಳೆದು ನಷ್ಟ ಮಾಡಿಕೊಂಡಿದ್ದರು. ಸಾಲ ಎಂಬ ಮಾತು ಆ ಮನೆಯಲ್ಲಿ ದಿನವೂ ಕೇಳಿಬರುತ್ತಿತ್ತು. “ಅವನಿಗೆ ಏನು ಹೇಳಲಿ, ಸರ್? ಸಾಲ ಅಂದಮೇಲೆ ತೀರಿಸಲೇಬೇಕಲ್ಲ. ನಾವು ಮಾತ್ರ ಲೆಕ್ಕದಲ್ಲಿ ಯಾವತ್ತೂ ತೀರಿಸೋದಿಲ್ಲ” ಎಂದರು.

ಓದುಗರೇ, ಆ ಒಂದು ಪ್ರಶ್ನೆಯ ಮೇಲೆ ಅಂದು ಎರಡು ಗಂಟೆ ಮಾತು ನಡೆಯಿತು. ಸಾಲ ಎಂಬ ಪದವೇ ಇಲ್ಲಿ ಸರಿಯಲ್ಲ, ಇಲ್ಲಿ ಯಾರೂ ಯಾರಿಗೂ ಸಾಲ ಕೊಡುತ್ತಿಲ್ಲ ಎಂದು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಮೇಷ್ಟ್ರು ಹೇಳಿದರು. ಇನ್ನೊಬ್ಬರು ಜೇಬಿನಿಂದ ನೂರರ ಒಂದು ನೋಟನ್ನು ತೆಗೆದು ಮೇಜಿನ ಮೇಲಿಟ್ಟು, “ಅಂಗಡಿಯಲ್ಲಿ ಚಿಲ್ಲರೆ ಮಾಡಿಸುವುದಿಲ್ಲವೇ? ಇದೂ ಅಷ್ಟೇ” ಎಂದರು. ಮುನ್ನೂರ ನಾಲ್ಕು ಎಂದರೆ ನೂರರ ಮೂರು ನೋಟು, ಒಂದು ರೂಪಾಯಿಯ ನಾಲ್ಕು ನಾಣ್ಯ. ಒಂದು ನೂರನ್ನು ಮುರಿಸಿದರೆ ಹತ್ತರ ಹತ್ತು ನೋಟು. ಅದರಲ್ಲಿ ಒಂದನ್ನು ಮತ್ತೆ ಮುರಿಸಿದರೆ ಹತ್ತು ನಾಣ್ಯ. ಈಗ ನಮ್ಮ ಬಳಿ ಎರಡು ನೂರು, ಒಂಬತ್ತು ಹತ್ತು, ಹದಿನಾಲ್ಕು ಬಿಡಿ. ಹಣ ಅಷ್ಟೇ ಇದೆ, ರೂಪ ಮಾತ್ರ ಬೇರೆ. ಅದರಿಂದ 126 ಕೊಟ್ಟರೆ ಉಳಿಯುವುದು 178. ಯಾರಿಗೂ ಸಾಲವಿಲ್ಲ, ಯಾರಿಗೂ ಬಾಕಿಯಿಲ್ಲ.

ಮರುದಿನದಿಂದ ಆ ಶಿಕ್ಷಕಿ ರಟ್ಟಿನಲ್ಲಿ ನೋಟುಗಳನ್ನು ಕತ್ತರಿಸಿ ತರಗತಿಯಲ್ಲಿ ಒಂದು ಪುಟ್ಟ ಅಂಗಡಿಯನ್ನೇ ತೆರೆದರು. ಮುಂದಿನ ತಿಂಗಳ ಸಭೆಯ ಹೊತ್ತಿಗೆ ಹದಿನೇಳು ಶಾಲೆಗಳಲ್ಲಿ ಒಂಬತ್ತು ಶಾಲೆಗಳು ಸಾಲ ಎಂಬ ಮಾತನ್ನು ಬಿಟ್ಟು ಬಿಡಿಸುವುದು ಎಂಬ ಮಾತನ್ನು ಹಿಡಿದಿದ್ದವು. ಆ ಹುಡುಗ ಗಣಿತದಲ್ಲಿ ಮುಂದೆ ಬಂದನೇ ಎಂದು ನೀವು ಕೇಳಬಹುದು. ಕಳೆಯುವ ಲೆಕ್ಕವನ್ನು ಆತ ಚೆನ್ನಾಗಿಯೇ ಕಲಿತ. ಅದಕ್ಕಿಂತ ಹೆಚ್ಚಾಗಿ, ತನ್ನ ಪ್ರಶ್ನೆಗೆ ನಕ್ಕವರ ನಡುವೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ ಉತ್ತರ ತಂದ ಒಬ್ಬರಿದ್ದಾರೆ ಎಂಬುದನ್ನು ಕಲಿತ.

ಶಿಕ್ಷಣದ ವೃತ್ತಿವಿಕಾಸ ಎಂಬ ದೊಡ್ಡ ಮಾತಿನ ಅರ್ಥ ಇಷ್ಟೇ. ಮೇಲಿನಿಂದ ಬಂದ ಸುತ್ತೋಲೆಯಲ್ಲಿ ಆ ಹುಡುಗನ ಪ್ರಶ್ನೆಗೆ ಉತ್ತರವಿರಲಿಲ್ಲ. ರಾಜಧಾನಿಯಲ್ಲಿ ಕುಳಿತು ತರಬೇತಿ ಸಾಹಿತ್ಯ ಬರೆಯುವವರಿಗೆ ಅದು ಕೇಳಿಸುವುದೂ ಇಲ್ಲ. ಹತ್ತಿರದ ಶಾಲೆಗಳ ಶಿಕ್ಷಕರು ಒಂದು ಜಮಖಾನದ ಮೇಲೆ ಕುಳಿತು ಕೂಡಿ ಯೋಚಿಸಿದಾಗಲೇ ಅದಕ್ಕೆ ಉತ್ತರ ಹುಟ್ಟಿದ್ದು.

ಪಠ್ಯಕ್ರಮದ ಯೋಜನೆಯ ಮಾತೂ ಹೀಗೆಯೇ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಿಕ್ಷಕರು ವಾರ್ಷಿಕ ಕಾರ್ಯಯೋಜನೆಯನ್ನು ಬರೆಯಬೇಕು; ಯಾವ ತಿಂಗಳು ಯಾವ ಪಾಠ, ಎಷ್ಟು ಅವಧಿ ಎಂದು. ಬಹಳ ಕಡೆ ಇದು ಹಳೆಯ ಪುಸ್ತಕದಿಂದ ಹೊಸ ಪುಸ್ತಕಕ್ಕೆ ನಕಲಾಗುವ ಕೆಲಸ. ನಮ್ಮ ಹೋಬಳಿಯಲ್ಲಿ ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು. ತೋಟದ ಲೈನುಗಳಿಂದ ಬರುವ ಮಕ್ಕಳಲ್ಲಿ ಅನೇಕರು ತಮ್ಮ, ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಿದ್ದರು, ಇಲ್ಲವೇ ತಂದೆತಾಯಿಗಳೊಡನೆ ತೋಟಕ್ಕೆ ಹೋಗುತ್ತಿದ್ದರು. ಸರಿಯಾಗಿ ಆ ವಾರಗಳಲ್ಲಿಯೇ ಭಾಗಾಕಾರದ ಪಾಠ. ಜನವರಿಯ ಕೊನೆಗೆ ಮರಳಿ ಬಂದ ಮಗುವಿಗೆ ತರಗತಿ ಎಲ್ಲಿಗೋ ಹೋಗಿರುತ್ತಿತ್ತು. ಪ್ರತಿಯೊಬ್ಬ ಶಿಕ್ಷಕನೂ ಇದನ್ನು ತನ್ನ ಶಾಲೆಯ ಹಣೆಬರಹವೆಂದೇ ತಿಳಿದಿದ್ದ. ಕೇಂದ್ರದಲ್ಲಿ ಎಲ್ಲರೂ ಹಾಜರಿ ಪುಸ್ತಕಗಳನ್ನು ತಂದು ಪಕ್ಕಪಕ್ಕ ಇಟ್ಟು ನೋಡಿದಾಗ ಅದು ಇಡೀ ಹೋಬಳಿಯ ಕಥೆ ಎಂದು ತಿಳಿಯಿತು. ಆ ವರ್ಷ ನಾವು ಭಾಗಾಕಾರವನ್ನು ಅಕ್ಟೋಬರಿಗೆ ತಂದು, ಕೊಯ್ಲಿನ ವಾರಗಳಿಗೆ ಪುನರಾವರ್ತನೆಯನ್ನೂ, ಬಿಡಿಬಿಡಿಯಾಗಿ ಕಲಿಯಬಹುದಾದ ಪಾಠಗಳನ್ನೂ ಇಟ್ಟೆವು. ಪಠ್ಯಪುಸ್ತಕದ ಒಂದು ಪುಟವನ್ನೂ ಬಿಡಲಿಲ್ಲ, ಕ್ರಮವನ್ನಷ್ಟೇ ಬದಲಿಸಿದೆವು. ನಮ್ಮ ನೆಲದ ಪಂಚಾಂಗಕ್ಕೆ ನಮ್ಮ ಪಾಠ ಹೊಂದಿಕೊಂಡಿತು.

ಈ ಆಲೋಚನೆ ಹೊಸದೇನಲ್ಲ. ನಮ್ಮ ಧರ್ಮಸಭೆಯ ಚರಿತ್ರೆಯಲ್ಲೇ ಅದಕ್ಕೊಂದು ಸುಂದರವಾದ ಉದಾಹರಣೆಯಿದೆ. ಫ್ರಾನ್ಸಿನ ರ್‍ಹೀಮ್ಸ್ ನಗರದ ಸಿರಿವಂತ ಮನೆತನದಲ್ಲಿ 1651ರಲ್ಲಿ ಹುಟ್ಟಿದ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅಲ್ಲಿನ ಪ್ರಧಾನಾಲಯದ ಗೌರವಸ್ಥ ಗುರುವಾಗಿದ್ದರು. ಬಡ ಹುಡುಗರಿಗೆ ಕಲಿಸುತ್ತಿದ್ದ ಕೆಲವು ಶಿಕ್ಷಕರ ಪರಿಚಯ ಅವರಿಗಾಯಿತು. ಆ ಶಿಕ್ಷಕರಿಗೆ ತಕ್ಕ ವಿದ್ಯೆಯಿರಲಿಲ್ಲ, ಸಮಾಜದಲ್ಲಿ ಮಾನವಿರಲಿಲ್ಲ, ದಾರಿ ತೋರುವವರೂ ಇರಲಿಲ್ಲ. ಲಾ ಸಾಲ್ ಅವರು ಮೊದಲು ಅವರನ್ನು ತಮ್ಮ ಊಟದ ಮೇಜಿಗೆ ಕರೆದರು. 1681ರಲ್ಲಿ ತಮ್ಮ ಮನೆಗೇ ಕರೆತಂದು ಇರಿಸಿಕೊಂಡರು. ಇಂತಹವರೊಡನೆ ಒಂದೇ ಸೂರಿನಡಿ ಬಾಳುವುದು ಅವರ ಬಂಧುಗಳಿಗೆ ಅವಮಾನವೆನಿಸಿತು. ಅವರು ಹಿಂಜರಿಯಲಿಲ್ಲ, ತಮ್ಮ ಪದವಿಯನ್ನೂ ಆಸ್ತಿಯನ್ನೂ ತೊರೆದು ಆ ಶಿಕ್ಷಕರಲ್ಲಿ ಒಬ್ಬರಾದರು. ಹಳ್ಳಿಯ ಶಿಕ್ಷಕರಿಗೆ ತರಬೇತಿ ಕೊಡುವ ಒಂದು ಶಾಲೆಯನ್ನೂ ತೆರೆದರು.

ಅವರ ಸಹೋದರರ ಶಾಲೆಗಳಲ್ಲಿ ಲ್ಯಾಟಿನ್ನಿನ ಬದಲು ಮಕ್ಕಳ ಮಾತೃಭಾಷೆಯಾದ ಫ್ರೆಂಚಿನಲ್ಲೇ ಓದು ಆರಂಭವಾಗುತ್ತಿತ್ತು. ಶಾಲೆಯನ್ನು ಹೇಗೆ ನಡೆಸಬೇಕು, ಪಾಠವನ್ನು ಹೇಗೆ ಹಂಚಬೇಕು ಎಂಬುದನ್ನು ವಿವರಿಸುವ ಒಂದು ಕೈಪಿಡಿಯನ್ನು ಅವರು ಸಿದ್ಧಪಡಿಸಿದರು. 1706ರ ಹೊತ್ತಿಗೆ ಅದು ಹಸ್ತಪ್ರತಿಯಾಗಿತ್ತು. ಅವರು ತೀರಿಕೊಂಡ ಮರುವರ್ಷ, 1720ರಲ್ಲಿ ಅಚ್ಚಾಯಿತು. ಅದನ್ನು ಅವರೊಬ್ಬರೇ ಕುಳಿತು ಬರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಬಹುಕಾಲ ತರಗತಿಯಲ್ಲಿ ದುಡಿದ ಸಹೋದರರೊಡನೆ ಮತ್ತೆ ಮತ್ತೆ ಸಮಾಲೋಚಿಸಿ, ಪ್ರಯೋಗಿಸಿ ನೋಡಿದ್ದನ್ನು ಮಾತ್ರ ಅದರಲ್ಲಿ ಸೇರಿಸಿದರು. ನಮ್ಮ ಸಮಾಲೋಚನಾ ಸಭೆಗೆ ಮುನ್ನೂರು ವರ್ಷಗಳ ಹಿಂದಿನ ಪೂರ್ವಜ ಅದು. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಈ ಸಂತರನ್ನು ಎಲ್ಲ ಶಿಕ್ಷಕರ ಪಾಲಕರೆಂದು ಸಾರಿದರು.

ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಇದೇ ಆಲೋಚನೆ ಶಿಕ್ಷಕರ ಕೇಂದ್ರಗಳೆಂಬ ಹೆಸರಿನಲ್ಲಿ ಮತ್ತೆ ಚಿಗುರಿತು. 1964ರಲ್ಲಿ ಅಲ್ಲಿ ಪಠ್ಯಕ್ರಮದ ಸುಧಾರಣೆಗಾಗಿ ಸ್ಕೂಲ್ಸ್ ಕೌನ್ಸಿಲ್ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಅದೇ ಕಾಲಕ್ಕೆ ಆರಂಭವಾದ ನಫೀಲ್ಡ್ ಗಣಿತ ಯೋಜನೆಯವರು ಹೊಸ ಗಣಿತವನ್ನು ಪುಸ್ತಕ ಕಳುಹಿಸಿ ಕಲಿಸಲಾಗದೆಂದು ಅರಿತು, ಶಿಕ್ಷಕರೇ ಸೇರಿ ಮಾಡಿ ನೋಡಲು ಸ್ಥಳೀಯ ಕೇಂದ್ರಗಳಿಗೆ ಒತ್ತು ಕೊಟ್ಟರು. 1970ರ ದಶಕದ ಆರಂಭದ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂತಹ ಐನೂರಕ್ಕೂ ಹೆಚ್ಚು ಕೇಂದ್ರಗಳಿದ್ದವು. 1972ರಲ್ಲಿ ಪ್ರಕಟವಾದ ಜೇಮ್ಸ್ ಸಮಿತಿಯ ವರದಿಯು, ಪ್ರತಿ ಶಿಕ್ಷಕನಿಗೂ ಏಳು ವರ್ಷಕ್ಕೊಮ್ಮೆ ಒಂದು ಅವಧಿಯಷ್ಟಾದರೂ ತರಗತಿಯಿಂದ ಬಿಡುವು ಕೊಟ್ಟು ಕಲಿಯಲು ಕಳುಹಿಸಬೇಕೆಂದು ಹೇಳಿತು. ಏಳನೆಯ ವರ್ಷ ಭೂಮಿಗೂ ವಿಶ್ರಾಂತಿ ಕೊಡಬೇಕೆಂಬ ಹಳೆಯ ಒಡಂಬಡಿಕೆಯ ಕಟ್ಟಳೆಯನ್ನು ಬಲ್ಲ ನಮಗೆ ಇದರ ಅರ್ಥ ಸುಲಭವಾಗಿ ಹೊಳೆಯುತ್ತದೆ. ಸತತವಾಗಿ ಬಿತ್ತಿದ ಹೊಲ ಸಾರ ಕಳೆದುಕೊಳ್ಳುತ್ತದೆ. ಆದರೆ ಆ ಕೇಂದ್ರಗಳು ಉಳಿಯಲಿಲ್ಲ. ಸ್ಕೂಲ್ಸ್ ಕೌನ್ಸಿಲ್ 1984ರಲ್ಲಿ ಮುಚ್ಚಿತು. 1988ರ ಶಿಕ್ಷಣ ಕಾಯಿದೆಯಿಂದ ಪಠ್ಯಕ್ರಮ ರಾಷ್ಟ್ರಮಟ್ಟದಲ್ಲಿ ನಿಗದಿಯಾಗಿ, ಹಣದ ವ್ಯವಸ್ಥೆಯೂ ಬದಲಾದ ಮೇಲೆ, ಹೆಚ್ಚಿನ ಕೇಂದ್ರಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೇಂದ್ರವನ್ನು ಕಟ್ಟುವುದು ಕಷ್ಟ, ಮುಚ್ಚುವುದು ಸುಲಭ.

ನಮ್ಮ ದೇಶದಲ್ಲಿ ಕೊಠಾರಿ ಆಯೋಗವು 1966ರ ತನ್ನ ವರದಿಯಲ್ಲಿ ನೆರೆಹೊರೆಯ ಶಾಲೆಗಳನ್ನು ಒಂದು ಸಂಕುಲವಾಗಿ ಬೆಸೆಯಬೇಕು, ಶಿಕ್ಷಕನ ಒಂಟಿತನವನ್ನು ಹೋಗಲಾಡಿಸಬೇಕು ಎಂದಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಡಯಟ್‌ಗಳು ಬಂದವು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಆರಂಭವಾದಾಗ ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ಜಿಲ್ಲೆಗಳು ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು. ತಾಲ್ಲೂಕು ಮತ್ತು ಕ್ಲಸ್ಟರ್ ಕೇಂದ್ರಗಳು ಬೇರೂರಿದ್ದು ಈ ಕಾರ್ಯಕ್ರಮದಿಂದ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಅವು ರಾಜ್ಯವನ್ನೆಲ್ಲ ವ್ಯಾಪಿಸಿದವು.

ಶಿಕ್ಷಕರು ಕೂಡಿ ಕುಳಿತರೆ ಏನಾಗಬಲ್ಲದೆಂಬುದಕ್ಕೆ ನಮ್ಮ ನಾಡಿನ ನಲಿ-ಕಲಿಯೇ ಸಾಕ್ಷಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ನೋಡಿದ್ದನ್ನು ಹಾಗೆಯೇ ತಂದು ಹೇರದೆ ನಮ್ಮ ಭಾಷೆಗೆ, ನಮ್ಮ ಮಕ್ಕಳಿಗೆ ಒಗ್ಗುವಂತೆ ಹೊಸದಾಗಿ ರೂಪಿಸಿದರು. ಯುನಿಸೆಫ್ ನೆರವು ದೊರೆಯಿತು. ಕಲಿಕಾ ಏಣಿ, ಮೈಲುಗಲ್ಲು, ಕಾರ್ಡುಗಳು, ಮಕ್ಕಳು ಗುಂಪುಗಳಾಗಿ ಕುಳಿತುಕೊಳ್ಳುವ ತಟ್ಟೆಗಳು, ಮಕ್ಕಳ ಕೈಕೆಲಸವನ್ನು ತೂಗುಹಾಕುವ ಚಪ್ಪರ: ಇವೆಲ್ಲ ಶಿಕ್ಷಕರ ಕೈಯಲ್ಲಿ ಮೂಡಿದವು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು. ವಿಸ್ತರಿಸಿದಾಗ ಕೆಲವು ಕಡೆ ಅದು ಜೀವ ಕಳೆದುಕೊಂಡು ಬರಿಯ ಕಾರ್ಡುಗಳ ಕಟ್ಟಾಯಿತು ಎಂಬುದನ್ನೂ ಹೇಳಬೇಕು. ನಾನು ಕಂಡಂತೆ, ಶಿಕ್ಷಕರಿಗೆ ಅದರ ಹಿಂದಿನ ಆಲೋಚನೆಯನ್ನು ಚರ್ಚಿಸಲು ಕೇಂದ್ರವಿದ್ದ ಕಡೆ ಅದು ಉಳಿಯಿತು, ಇಲ್ಲದ ಕಡೆ ಒಣಗಿತು.

ಹಾಗಾದರೆ ಈ ಕೇಂದ್ರಗಳೆಲ್ಲ ಚೆನ್ನಾಗಿ ನಡೆಯುತ್ತಿವೆಯೇ? ಇಲ್ಲ ಎನ್ನದೆ ವಿಧಿಯಿಲ್ಲ. ಸಿ.ಆರ್.ಪಿ.ಯ ಚೀಲದಲ್ಲಿ ಪುಸ್ತಕಗಳಿಗಿಂತ ನಮೂನೆಗಳೇ ಹೆಚ್ಚು. ಬಿಸಿಯೂಟದ ಅಕ್ಕಿಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಶೂ ಮತ್ತು ಸಾಕ್ಸಿನ ಅಳತೆ, ಮಕ್ಕಳ ಆಧಾರ್ ಸಂಖ್ಯೆ, ಪ್ರತಿಭಾ ಕಾರಂಜಿಯ ವ್ಯವಸ್ಥೆ, ಸಂಜೆಯೊಳಗೆ ಕಳುಹಿಸಬೇಕಾದ ತುರ್ತು ಮಾಹಿತಿ. ಇವು ಬೇಡವಾದ ಕೆಲಸಗಳಲ್ಲ. ಹಸಿದ ಮಗುವಿಗೆ ಊಟ ಮುಖ್ಯ. ಆದರೆ ಸಮಾಲೋಚನಾ ಸಭೆಯಲ್ಲಿ ಮೂರು ಗಂಟೆ ಸುತ್ತೋಲೆ ಓದಿ, ಸಹಿ ಹಾಕಿಸಿಕೊಂಡು, ಚಹಾ ಕುಡಿದು ಎದ್ದರೆ ಅಲ್ಲಿ ಸಮಾಲೋಚನೆ ಎಲ್ಲಿ ನಡೆಯಿತು? ಮಕ್ಕಳ ಪ್ರಶ್ನೆಗಳಿಗೆ ಆ ಸಭೆಯಲ್ಲಿ ಜಾಗವೇ ಉಳಿಯುವುದಿಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಯಾದಗಿರಿಯಂತಹ ಜಿಲ್ಲೆಗಳಲ್ಲಿ ನಡೆಸುತ್ತಾ ಬಂದಿರುವ ಶಿಕ್ಷಕರ ಕಲಿಕಾ ಕೇಂದ್ರಗಳಿಗೆ ಸಂಜೆಯ ಹೊತ್ತಿನಲ್ಲಿ, ರಜಾದಿನಗಳಲ್ಲಿ ಶಿಕ್ಷಕರು ತಾವಾಗಿಯೇ ಬಂದು ಪುಸ್ತಕ ಓದಿ, ಚರ್ಚಿಸಿ ಹೋಗುತ್ತಾರೆ. ಆದೇಶವಿಲ್ಲದಿದ್ದರೂ ಶಿಕ್ಷಕರು ಬರುತ್ತಾರೆ; ಬಂದರೆ ಸಿಗುವಂಥದ್ದು ಏನಾದರೂ ಇರಬೇಕು.

ಇನ್ನು ನಿಮಗೆ ಹತ್ತಿರದ ಒಂದು ಮಾತು. ಮೇಲೆ ಹೇಳಿದ ವ್ಯವಸ್ಥೆ ಮುಖ್ಯವಾಗಿ ಸರ್ಕಾರಿ ಶಾಲೆಗಳಿಗೆ, ಸ್ವಲ್ಪಮಟ್ಟಿಗೆ ಅನುದಾನಿತ ಶಾಲೆಗಳಿಗೆ. ಅನುದಾನರಹಿತ ಶಾಲೆಗಳ ಶಿಕ್ಷಕಿಯರು ಬಹುತೇಕ ಇದರ ಹೊರಗೆ. ನಮ್ಮ ಮಕ್ಕಳಲ್ಲಿ ಅನೇಕರು ಓದುತ್ತಿರುವುದು ಇಂತಹ ಶಾಲೆಗಳಲ್ಲಿಯೇ.

ನನ್ನ ಹೋಬಳಿಯ ಒಂದು ಖಾಸಗಿ ಶಾಲೆಯಲ್ಲಿ ಇಪ್ಪತ್ತಮೂರು ವರ್ಷದ ಒಬ್ಬ ಶಿಕ್ಷಕಿ ಇದ್ದಳು. ಶಾಲೆಯ ಹೆಸರು ಇಲ್ಲಿ ಬೇಡ. ಒಂದು ಸಭೆಯ ದಿನ ಆಕೆ ಬಾಗಿಲಲ್ಲಿ ನಿಂತು, “ಸರ್, ನಾನು ಸರ್ಕಾರಿ ಟೀಚರ್ ಅಲ್ಲ. ಒಳಗೆ ಕೂರಬಹುದಾ?” ಎಂದು ಕೇಳಿದಳು. “ಬಾಮ್ಮ, ಕೂತ್ಕೊ” ಎಂದೆ. ಅವಳ ತರಗತಿಯಲ್ಲಿ ನಲವತ್ತೆಂಟು ಮಕ್ಕಳು. ಮನೆಯಲ್ಲಿ ತಮಿಳು, ಕೊಂಕಣಿ, ಲಂಬಾಣಿ ಮಾತಾಡುವ ಮಕ್ಕಳಿಗೆ ಆಕೆ ಇಂಗ್ಲಿಷಿನಲ್ಲಿ ಓದಲು ಕಲಿಸಬೇಕಿತ್ತು. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾಲ್ಕು ತಿಂಗಳು ಆಕೆ ತನ್ನ ರಜೆಯನ್ನು ಬಳಸಿಕೊಂಡು ಬಂದಳು. ಹೇಳಿದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಮಕ್ಕಳ ಮನೆಮಾತಿನ ಪದಗಳನ್ನು ಸಂಗ್ರಹಿಸಿ, ಚಿತ್ರ ಬರೆದು, ಅದರ ಕೆಳಗೆ ಕನ್ನಡವನ್ನೂ ಇಂಗ್ಲಿಷನ್ನೂ ಬರೆದ ಒಂದು ಗೋಡೆಪಟವನ್ನು ತಾನೇ ತಯಾರಿಸಿ ತಂದು ತೋರಿಸಿದಳು. ಮೂವತ್ತು ವರ್ಷ ಸೇವೆಯಾದ ಶಿಕ್ಷಕರೂ ಎದ್ದು ಬಂದು ಅದನ್ನು ನೋಡಿದರು.

ಐದನೆಯ ತಿಂಗಳು ಆಕೆ ಬರಲಿಲ್ಲ. ರಜೆ ಮುಗಿದಿದೆ, ಇನ್ನು ಹೋದರೆ ಸಂಬಳ ಹಿಡಿಯುತ್ತೇವೆ, ಸರ್ಕಾರಿ ಸಭೆಯಲ್ಲಿ ನಿನಗೇನು ಕೆಲಸ ಎಂದು ಶಾಲೆಯವರು ಹೇಳಿದರಂತೆ. ಮುಂದಿನ ಜೂನ್ ತಿಂಗಳಲ್ಲಿ ಆಕೆ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದಳು. ಅಲ್ಲಿ ಸಂಬಳ ತುಸು ಹೆಚ್ಚು, ತಲೆನೋವು ಕಡಿಮೆ ಎಂದು ನಕ್ಕಳು. ಆ ನೋಟುಪುಸ್ತಕ ಏನಾಯಿತೋ ಕೇಳುವ ಧೈರ್ಯ ನನಗಾಗಲಿಲ್ಲ. ನಲವತ್ತೆಂಟು ಮಕ್ಕಳು ಅಂದು ಏನನ್ನು ಕಳೆದುಕೊಂಡರೆಂದು ಅವರ ತಂದೆತಾಯಿಗಳಿಗೆ ಇಂದಿಗೂ ತಿಳಿದಿರಲಾರದು. ಶುಲ್ಕದ ರಸೀದಿಯಲ್ಲಿ ಅದಕ್ಕೊಂದು ಕಲಮು ಇರುವುದಿಲ್ಲ.

ಸಂತ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ನಾನು ಮತ್ತೆ ಮತ್ತೆ ಓದುವ ಒಂದು ಭಾಗವಿದೆ. ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಇಬ್ಬಿಬ್ಬರನ್ನಾಗಿ ಊರೂರಿಗೆ ಕಳುಹಿಸುತ್ತಾರೆ. ಅವರು ಹೋಗುತ್ತಾರೆ, ಬೋಧಿಸುತ್ತಾರೆ, ಮರಳಿ ಬರುತ್ತಾರೆ. ಬಂದವರು ತಾವು ಮಾಡಿದ್ದನ್ನೂ ಬೋಧಿಸಿದ್ದನ್ನೂ ಒಂದೊಂದಾಗಿ ಸ್ವಾಮಿಗೆ ತಿಳಿಸುತ್ತಾರೆ. ಊಟಕ್ಕೂ ಬಿಡುವಿಲ್ಲದಷ್ಟು ಜನ ಬಂದು ಹೋಗುತ್ತಿರುತ್ತಾರೆ. ಆಗ ಸ್ವಾಮಿ ಅವರನ್ನು ಏಕಾಂತ ಸ್ಥಳಕ್ಕೆ ಕರೆದು ಸ್ವಲ್ಪ ವಿಶ್ರಮಿಸಿಕೊಳ್ಳಿರೆಂದು ಹೇಳುತ್ತಾರೆ. ಪ್ರೇಷಿತರನ್ನು ಒಬ್ಬೊಬ್ಬರನ್ನಾಗಿ ಕಳುಹಿಸಲಿಲ್ಲ. ಕಳುಹಿಸಿ ಮರೆಯಲೂ ಇಲ್ಲ. ಮರಳಿ ಬಂದು ಹೇಳಿಕೊಳ್ಳಲು ಒಂದು ಕಿವಿಯಿತ್ತು, ಕುಳಿತುಕೊಳ್ಳಲು ಒಂದು ಜಾಗವಿತ್ತು. ನಮ್ಮ ಏಕೋಪಾಧ್ಯಾಯ ಶಾಲೆಯ ಶಿಕ್ಷಕನಿಗೆ ಜೊತೆಗಾರನೂ ಇಲ್ಲ, ಕೇಳುವ ಕಿವಿಯೂ ಇಲ್ಲ.

ಅದೇ ಸ್ವಾಮಿ ಹನ್ನೆರಡರ ಬಾಲಕನಾಗಿದ್ದಾಗ ಜೆರುಸಲೇಮಿನ ದೇವಾಲಯದಲ್ಲಿ ಕಳೆದುಹೋದ ಪ್ರಸಂಗವನ್ನು ಸಂತ ಲೂಕ ಹೇಳುತ್ತಾರೆ. ಮೂರು ದಿನ ಹುಡುಕಿದ ಮೇಲೆ ಮಾತೆ ಮರಿಯಮ್ಮನವರೂ ಜೋಸೆಫರೂ ಆತನನ್ನು ಕಂಡದ್ದು ಬೋಧಕರ ನಡುವೆ. ಅವರು ಹೇಳುವುದನ್ನು ಕೇಳುತ್ತಾ, ಅವರನ್ನು ಪ್ರಶ್ನಿಸುತ್ತಾ ಕುಳಿತಿದ್ದ. ಬಾಲಕನ ಜಾಣತನವನ್ನು ನಾವು ಕೊಂಡಾಡುತ್ತೇವೆ. ನನಗೆ ಆ ಬೋಧಕರೂ ಮೆಚ್ಚುಗೆಯಾಗುತ್ತಾರೆ. ಹಳ್ಳಿಯಿಂದ ಬಂದ ಒಬ್ಬ ಹುಡುಗನ ಪ್ರಶ್ನೆಗಳಿಗೆ ಅವರು ಬಾಗಿಲು ಹಾಕಲಿಲ್ಲ. ಅವರೊಡನೆ ಕೂಡಿ ಕುಳಿತು ಮಾತಾಡುವ ಒಂದು ಸ್ಥಳ ಅಲ್ಲಿತ್ತು.

ಹಾಗಾದರೆ ಧರ್ಮಕೇಂದ್ರದ ಕುಟುಂಬಗಳಾಗಿ ನಾವು ಏನು ಮಾಡಬಹುದು? ಮೊದಲನೆಯದಾಗಿ, ನಿಮ್ಮ ಮಗುವಿನ ಶಿಕ್ಷಕಿ ತರಬೇತಿಗೆ ಅಥವಾ ಸಮಾಲೋಚನಾ ಸಭೆಗೆ ಹೋದ ದಿನ ಶಾಲೆ ಬೇಗ ಬಿಟ್ಟಿತೆಂದು ಗೊಣಗಬೇಡಿ. ಮರುದಿನ ಸಿಕ್ಕಾಗ, “ಟೀಚರ್, ನಿನ್ನೆಯ ಸಭೆಯಲ್ಲಿ ಏನು ಚರ್ಚೆಯಾಯಿತು?” ಎಂದು ಕೇಳಿ ನೋಡಿ. ಏನೂ ಆಗದಿದ್ದರೆ ಆಕೆಗೆ ಅದು ಚುಚ್ಚುತ್ತದೆ. ಏನಾದರೂ ಆಗಿದ್ದರೆ ಆಕೆಯ ಮುಖ ಅರಳುತ್ತದೆ. ಎರಡೂ ಒಳ್ಳೆಯದೇ.

ಎರಡನೆಯದಾಗಿ, ನಮ್ಮ ಶಾಲೆಗಳ ಪೋಷಕರ ಸಭೆಗಳಲ್ಲಿ ಹೊಸ ಕಟ್ಟಡದ, ಸಮವಸ್ತ್ರದ, ವಾಹನದ ಮಾತಿನ ಜೊತೆಗೆ ಇದನ್ನೂ ಕೇಳಿ: ನಮ್ಮ ಶಿಕ್ಷಕಿಯರಿಗೆ ಕಲಿಯಲು ವರ್ಷಕ್ಕೆ ಎಷ್ಟು ಗಂಟೆ ಸಿಗುತ್ತದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕನಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿವಿಕಾಸವನ್ನು ನಿರೀಕ್ಷಿಸಿತು. ಆ ನೀತಿಯ ಬೇರೆ ಅಂಶಗಳ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಶಿಕ್ಷಕರು ಕಲಿಯಬೇಕೆಂಬುದರಲ್ಲಿ ಯಾರಿಗೆ ತಾನೆ ತಕರಾರು?

ಮೂರನೆಯದಾಗಿ, ನಮ್ಮ ಧರ್ಮಕೇಂದ್ರಗಳ ಸಭಾಂಗಣಗಳು ಮದುವೆ, ನಾಮಕರಣ ಬಿಟ್ಟರೆ ವಾರದಲ್ಲಿ ಬಹುಪಾಲು ಬೀಗ ಹಾಕಿಯೇ ಇರುತ್ತವೆ. ಅದರಲ್ಲೊಂದು ಕೋಣೆಯನ್ನು ಸುತ್ತಮುತ್ತಲಿನ ಎಲ್ಲ ಶಾಲೆಗಳ ಶಿಕ್ಷಕರಿಗೆ ವಾರಕ್ಕೊಂದು ಸಂಜೆ ತೆರೆದಿಡೋಣ. ಸರ್ಕಾರಿ, ಖಾಸಗಿ, ಕ್ರೈಸ್ತ, ಅಕ್ರೈಸ್ತ ಎಂಬ ಭೇದ ಬೇಡ. ಒಂದು ಬೀರು ಪುಸ್ತಕ, ಒಂದು ಕರಿಹಲಗೆ, ಕುಳಿತುಕೊಳ್ಳಲು ಚಾಪೆ, ಒಂದು ಲೋಟ ಚಹಾ ಸಾಕು. ಪ್ರತಿ ಧರ್ಮಕೇಂದ್ರದಲ್ಲಿಯೂ ಒಬ್ಬಿಬ್ಬರು ನಿವೃತ್ತ ಶಿಕ್ಷಕರಿದ್ದಾರೆ. ಅವರ ಅನುಭವ ಶಾಲು ಹೊದಿಸಿ ಮಡಿಸಿಡುವ ವಸ್ತುವಲ್ಲ. ಭಾನುವಾರದ ಧರ್ಮೋಪದೇಶ ತರಗತಿ ನಡೆಸುವ ನಮ್ಮ ಯುವಕ ಯುವತಿಯರೂ ಅಲ್ಲಿ ಕುಳಿತುಕೊಳ್ಳಲಿ. ಹತ್ತು ಮಂದಿ ಮಕ್ಕಳನ್ನು ಒಂದು ಗಂಟೆ ಹಿಡಿದಿಡುವುದು ಎಷ್ಟು ಕಷ್ಟವೆಂದು ಅವರಿಗೂ ಗೊತ್ತು, ಕೇಳಲು ಅವರಿಗೂ ಯಾರೂ ಇಲ್ಲ.

ಇದರಲ್ಲಿ ಹರಟೆಯೇ ಹೆಚ್ಚಾದೀತು ಎಂದು ಕೆಲವರು ಹೇಳಬಹುದು. ಹರಟೆಯೂ ಆಗುತ್ತದೆ, ನಾನದನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ಒಂದು ಸರಳ ನಿಯಮ ಸಾಕು. ಬರುವ ಪ್ರತಿಯೊಬ್ಬ ಶಿಕ್ಷಕನೂ ಆ ವಾರ ತನ್ನ ತರಗತಿಯಲ್ಲಿ ಒಂದು ಮಗು ಕೇಳಿದ, ತನಗೆ ಉತ್ತರ ತಿಳಿಯದ ಒಂದು ಪ್ರಶ್ನೆಯನ್ನು ತರಬೇಕು. ಪ್ರಶ್ನೆ ಇಲ್ಲದೆ ಬಂದವರಿಗೆ ಚಹಾ ಇಲ್ಲ ಎಂದರೂ ಆದೀತು.

ಈ ಸೆಪ್ಟೆಂಬರಿನಲ್ಲಿ ಶಿಕ್ಷಕರಿಗೆ ಹೂವು ಕೊಡುವಾಗ, ಸಾಧ್ಯವಾದರೆ ಆ ಕೋಣೆಯ ಬೀಗದ ಕೈಯನ್ನೂ ಕೊಡೋಣ. ಸಂತ ಲಾ ಸಾಲ್ ಅವರ ಪ್ರಾರ್ಥನೆಯ ಬಲದಿಂದ, ನಮ್ಮ ಮಕ್ಕಳ ಯಾವ ಪ್ರಶ್ನೆಯೂ ನಗೆಯಲ್ಲಿ ಮುಳುಗಿಹೋಗದಿರಲಿ. ಅದನ್ನು ಹೊತ್ತು ತರುವ ಯಾವ ಶಿಕ್ಷಕಿಯೂ ಬಾಗಿಲಲ್ಲಿ ನಿಂತು, ಒಳಗೆ ಕೂರಬಹುದೇ ಎಂದು ಕೇಳುವಂತಾಗದಿರಲಿ.